ಕಮಲಾಪುರದ ಸೆಟ್, ಥಾಯ್ಲೆಂಡಿನ ಕನ್ನಡಿ

ಕಮಲಾಪುರ, ಬಸ್ ಸ್ಟ್ಯಾಂಡ್ ಎದುರು

ವಿದೇಶಕ್ಕೆ ಹೋಗುವವರು ಚೆನ್ನಾಗಿ ಓದಿ ಹೋಗುತ್ತಾರೆ, ಇಲ್ಲವೇ ಚೆನ್ನಾಗಿ ಗಳಿಸಿ ಹೋಗುತ್ತಾರೆ. ನಾನು ತಪ್ಪು ಮಾಡಿ ಹೋದೆ. ಆ ತಪ್ಪನ್ನು ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟಿದ್ದರಿಂದ ವಿಮಾನದ ಟಿಕೆಟ್ಟನ್ನೂ ಕರೆದವರೇ ಕಳಿಸಿದರು.

ಕಮಲಾಪುರ ಬಸ್ ಸ್ಟ್ಯಾಂಡ್ ಎದುರು ನಮ್ಮ ಮಲ್ಲಣ್ಣ ಮಾವನ ಔಷಧದ ಅಂಗಡಿ ಇದೆ. ಮಾವ ಅಂದರೆ ನಮ್ಮ ಅವ್ವನ ತಮ್ಮ. ನಾನು ಶರಣು, ಫಾರ್ಮಸಿ ಡಿಪ್ಲೊಮಾವನ್ನು ಎರಡನೇ ಏಟಿಗೆ ಪಾಸು ಮಾಡಿದವನು. ಕೌಂಟರಿನಲ್ಲಿ ನಿಲ್ಲುವುದು ನನ್ನ ಕೆಲಸ. ನಮ್ಮಲ್ಲಿ ಹೆಸರಾದ ಮಾಲು ಅಂದರೆ 'ಸೆಟ್'. ಯಾರಾದರೂ ಬಂದು ಕೆಮ್ಮಿದರೆ ಕತ್ತರಿಯಿಂದ ನಾಲ್ಕು ಬೇರೆ ಬೇರೆ ಸ್ಟ್ರಿಪ್ಪಿನಿಂದ ಒಂದೊಂದು ಗುಳಿಗೆ ಕತ್ತರಿಸಬೇಕು. ನೋವಿಗೊಂದು, ಹೊಟ್ಟೆ ಉರಿಗೊಂದು, ಆಂಟಿಬಯೋಟಿಕ್ ಒಂದು, ನೋಡಲು ಬಣ್ಣ ಇರಲಿ ಅಂತ ವಿಟಮಿನ್ ಒಂದು. ನಾಲ್ಕನ್ನೂ ಹಳೇ ಪೇಪರಿನಲ್ಲಿ ಮಡಚಿ ಕೊಟ್ಟರೆ ಒಂದು ಸೆಟ್. ಗಿರಾಕಿಯ ಕೆಮ್ಮು ಮುಗಿಯುವುದರೊಳಗೆ ಪೊಟ್ಟಣ ಅವನ ಕೈಯಲ್ಲಿರಬೇಕು, ಅದು ಮಾವನ ನಿಯಮ.

ಇಂಥ ಅಂಗಡಿಗೆ ಒಂದು ದಿನ ಕಲಬುರಗಿಯಿಂದ ಡಾಕ್ಟರ್ ಫರ್ಹಾನಾ ಮೇಡಂ ಬಂದರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು. ಡಾಕ್ಟರ ಚೀಟಿ ಇಲ್ಲದೆ ಅಂಗಡಿಗಳಲ್ಲಿ ಏನೇನು ಮಾರುತ್ತಾರೆ ಅನ್ನುವುದು ಅವರ ಅಧ್ಯಯನ. ಸುತ್ತಲಿನ ಅಂಗಡಿಗಳಿಗೆಲ್ಲ ಒಂದೊಂದು ನೋಟ್‌ಬುಕ್ ಹಂಚಿ, "ಯಾರ ಹೆಸರೂ ಬ್ಯಾಡ. ಬ್ಯಾನಿ ಏನು, ಕೊಟ್ಟಿದ್ದೇನು, ಅಷ್ಟೇ ಬರೀರಿ. ಖರೇ ಬರೀರಿ," ಅಂದರು. ಉಳಿದವರು ಜಾಣರು, ನೋಟ್‌ಬುಕ್ಕನ್ನು ಖಾಲಿಯಾಗಿಯೇ ವಾಪಸ್ ಕೊಟ್ಟರು. ನಾನು ಅಕ್ಷರಕ್ಕೆ ಮಾರ್ಕ್ಸ್ ಇರಬಹುದು ಅಂದುಕೊಂಡು ಎಲ್ಲ ಬರೆದೆ. ಕೆಮ್ಮು, ಸೆಟ್. ಮೊಣಕಾಲು ನೋವು, ಸೆಟ್. ನಾಳೆ ಮದುವೆಗೆ ಹೋಗಬೇಕು ಸುಸ್ತು, ಸೆಟ್. ಎಮ್ಮೆ ಮೇವು ಬಿಟ್ಟಿದೆ, ಎರಡು ಸೆಟ್.

ಕೆಲವು ತಿಂಗಳ ಮೇಲೆ ಕಾಗದ ಬಂತು. ಬ್ಯಾಂಕಾಕಿನಲ್ಲಿ ದೇಶದೇಶಗಳ ಔಷಧ ಮಾರುವವರು, ಡಾಕ್ಟರುಗಳು ಸೇರುವ ಸಭೆ, ತಾವು ಬರಬೇಕು, ಜೊತೆಗೆ ಮೇಡಂ ಇರುತ್ತಾರೆ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಲೇ ಶರಣ್ಯಾ, ಇದು ಸನ್ಮಾನದ ಕಾಗದ."

"ಸನ್ಮಾನ ಅಂತ ಎಲ್ಲೂ ಬರದಿಲ್ಲಲ್ಲ ಮಾಮಾ."

"ಅಷ್ಟು ದೂರ ಕರದು ಮತ್ತೇನ್ ಮಾಡ್ತಾರ? ಶಾಲು ಹೊಚ್ಚತಾರ. ಶಾಲು ಹೊಚ್ಚತೀವಿ ಅಂತ ಯಾರರೆ ಕಾಗದದಾಗ ಬರೀತಾರೇನು?"

ನಮ್ಮ ಕಡೆ ಯಾರನ್ನಾದರೂ ಸಭೆಗೆ ಕರೆದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಇರುವುದೇ. ಹಾಗಾಗಿ ನಾನೂ ನಂಬಿದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ನಿಂತಿತು. ಕೆಳಗೆ ಶುಭ ಕೋರುವವರ ಎಂಟು ಫೋಟೊ, ಅದರಲ್ಲಿ ಐವರು ನನಗೆ ಗೊತ್ತು.

ಹೊರಡುವ ಹಿಂದಿನ ದಿನ ಮಾವನ ಕಾಲಿಗೆ ಹೊಲದಲ್ಲಿ ಕೊಯ್ದು ಬಿಟ್ಟ ತೊಗರಿ ಕೂಳೆ ಚುಚ್ಚಿತ್ತು. ಎಡಗಾಲಿನ ಕಿರುಬೆರಳು ಊದಿತ್ತು. ಮಾವನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಕಲಬುರಗಿಗೆ ಹೋಗಿ ತೋರಿಸಿ ಅಂತ ಅತ್ತೆ ಹೇಳಿದರೆ, "ದವಾಖಾನಿಗೆ ಹೋಗಿ ನಾ ಏನ್ ಕೇಳ್ಲಿ? ಅವರು ಬರದು ಕೊಡೋ ಗುಳಗಿ ನನ್ನ ಹಂತೇಕ ಅದಾವ," ಅಂದ ಮಾವ. ನಾನೇ ಒಂದು ಸೆಟ್ ಕಟ್ಟಿ ಕೊಟ್ಟು ಬಂದೆ. ಪ್ರೀತಿಯಿಂದ ವಿಟಮಿನ್ ಎರಡು ಹಾಕಿದ್ದೆ.

ಕಲಬುರಗಿ, ಸೂಪರ್ ಮಾರ್ಕೆಟ್

ಶಾಲು ಹೊದೆಯಲು ಕೆಳಗೆ ಕೋಟು ಬೇಕಲ್ಲ. ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯವನು ನನ್ನ ಭುಜ ಅಳೆಯುತ್ತ, "ಶಾದಿಗೇನು ಭಾಯ್?" ಅಂದ.

"ಅಲ್ಲರಿ, ಸನ್ಮಾನ."

"ಹಾಂಗಾದ್ರ ಇದು ತಗೋರಿ. ದೂರದಿಂದನೇ ಕಾಣತದ. ಇಷ್ಟು ಮಂದ್ಯಾಗ ಸನ್ಮಾನ ಯಾರಿಗೆ ಅಂತ ಯಾರ್ ಬೀ ಕೇಳಂಗಿಲ್ಲ."

ಬದನೆಕಾಯಿ ಬಣ್ಣದ ಕೋಟು. ಸ್ಟೇಷನ್ನಿನಲ್ಲಿ ಅದನ್ನು ನೋಡಿ ಫರ್ಹಾನಾ ಮೇಡಂ ಕಣ್ಣು ಉಜ್ಜಿಕೊಂಡರು. ಹೈದರಾಬಾದಿನ ರೈಲಿನಲ್ಲಿ ಕೂತ ಮೇಲೆ ಮೆಲ್ಲಗೆ, "ಶರಣು, ನಿಮ್ಮನ್ನ ಅಲ್ಲಿಗೆ ಎದಕ್ಕ ಕರದಾರ ಅಂತ ಖರೇನೇ ಗೊತ್ತದ ಅಲ್ಲ?" ಅಂದರು.

"ಗೊತ್ತದರಿ ಮೇಡಂ," ಅಂತ ನಾಚಿಕೊಂಡು ಕಿಟಕಿ ಕಡೆ ನೋಡಿದೆ.

"ನಿಮಗೇನೂ ಬ್ಯಾಸರ ಇಲ್ಲಲ್ಲ?"

ಸನ್ಮಾನಕ್ಕೆ ಯಾರು ಬೇಸರ ಮಾಡಿಕೊಳ್ಳುತ್ತಾರೆ? "ನಾವೇನು ಅಂಥಾದ್ದು ಮಾಡೀವಿರಿ," ಅಂದೆ, ದೊಡ್ಡವರು ವೇದಿಕೆಯ ಮೇಲೆ ಅನ್ನುವ ಹಾಗೆ. ಮೇಡಂ ಹುಬ್ಬು ಗಂಟು ಹಾಕಿ ಪುಸ್ತಕ ತೆಗೆದರು.

ಬ್ಯಾಂಕಾಕ್, ಮೊದಲ ಮುಂಜಾನೆ

ಬ್ಯಾಂಕಾಕಿನಲ್ಲಿ ಮೊದಲು ಕಂಡದ್ದು ಗೋಪುರವಲ್ಲ, ಮೂಗು. ಊರಿನವರೆಲ್ಲ ಬೆರಳುದ್ದದ ಒಂದು ನಳಿಕೆಯನ್ನು ಮೂಗಿಗೆ ಹಿಡಿದುಕೊಂಡು ಓಡಾಡುತ್ತಿದ್ದರು. ಟ್ಯಾಕ್ಸಿಯವನು ಸಿಗ್ನಲ್ಲಿನಲ್ಲಿ ಮೂಸಿದ. ಹೋಟೆಲಿನ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡುತ್ತ ಮೂಸಿದಳು. ರೈಲಿನಲ್ಲಿ ಒಬ್ಬರು ಅದನ್ನು ಮೂಗಿನ ಹೊಳ್ಳೆಗೇ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಫೋನ್ ಒತ್ತುತ್ತಿದ್ದರು. ಇಡೀ ನಗರಕ್ಕೇ ನೆಗಡಿ ಅಂತ ನನಗೆ ಮರುಕ ಹುಟ್ಟಿತು. ಆಮೇಲೆ ತಿಳಿಯಿತು, ಅದು ಕರ್ಪೂರ, ಪುದೀನದ ವಾಸನೆಯ ನಳಿಕೆ, ನಮ್ಮವರು ಅಂಗೈಯಲ್ಲಿ ತಂಬಾಕು ತಿಕ್ಕಿದ ಹಾಗೆ ಅವರಿಗೆ ಅದೊಂದು ರೂಢಿ. ಒಬ್ಬರ ಹತ್ತಿರ ಇಸಿದುಕೊಂಡು ನಾನೂ ಎಳೆದೆ. ಮೆಲ್ಲಗೆ ಎಳೆಯಬೇಕಿತ್ತಂತೆ. ನಾನು ಎಳನೀರಿನ ಹಾಗೆ ಎಳೆದು, ಕಣ್ಣಲ್ಲಿ ನೀರು ಸುರಿಸಿಕೊಂಡೇ ತಿಂಡಿಗೆ ಹೋದೆ.

ಅಲ್ಲಿ ಅನ್ನದಲ್ಲೂ ಮೀನಿನ ರಸ. ನಾನು ಶುದ್ಧ ಜೋಳದ ರೊಟ್ಟಿಯ ಮನುಷ್ಯ. ಬ್ಯಾಗಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಮೂಲೆಯಲ್ಲಿ ಕಟುಂ ಕಟುಂ ತಿನ್ನುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಎತ್ತರದ ಆಫ್ರಿಕಾದ ಯಜಮಾನರೊಬ್ಬರು ಕೆಮ್ಮಿದರು. ಒಮ್ಮೆ, ಎರಡು ಸಲ. ಮೂರನೆಯದಕ್ಕೆ ನನ್ನ ಕೈ ತಾನೇ ಬ್ಯಾಗಿಗೆ ಹೋಯಿತು. ಪ್ರವಾಸಕ್ಕೆ ಅಂತ ಇಪ್ಪತ್ತು ಸೆಟ್ ಕಟ್ಟಿಕೊಂಡು ಹೋಗಿದ್ದೆ. ಒಂದನ್ನು ಅವರ ಮುಂದಿಟ್ಟು, ಕೈಸನ್ನೆಯಲ್ಲಿ ನೀರು ಕುಡಿಯುವುದನ್ನು ತೋರಿಸಿದೆ. ಅವರು ಪೊಟ್ಟಣ ಬಿಚ್ಚಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೊಟ್ಟಣ ನೋಡಿದರು. ಎದೆಯ ಮೇಲೆ ಕೈ ಇಟ್ಟು ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಂಡರು. ಅಂತರರಾಷ್ಟ್ರೀಯ ಸಂಬಂಧ ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಅದೇ ಮುಂಜಾನೆ, ಸಭೆಯಲ್ಲಿ

ಸಭೆ ಶುರುವಾಯಿತು. ಅಧ್ಯಕ್ಷರು ವೇದಿಕೆ ಹತ್ತಿದರು. ಅದೇ ಯಜಮಾನರು. ಉಗಾಂಡದ ಡಾಕ್ಟರ್ ಒಕೆಲ್ಲೊ, ಆಂಟಿಬಯೋಟಿಕ್ಕುಗಳನ್ನು ಬೇಕಾಬಿಟ್ಟಿ ನುಂಗುವುದರ ವಿರುದ್ಧ ವರ್ಷಗಟ್ಟಲೆ ದುಡಿದವರು ಅಂತ ಪರಿಚಯಿಸಿದರು. ನನಗೆ ಇಂಗ್ಲಿಷ್ ಅರ್ಧ ಅರ್ಥವಾಗುತ್ತದೆ, ಅದೂ ಬೇಡದ ಅರ್ಧ. ಹೆಮ್ಮೆಯಿಂದ ಮೇಡಂ ಕಿವಿಯಲ್ಲಿ, "ಇವರು ನನ್ನ ದೋಸ್ತ್ ರೀ," ಅಂದೆ.

ಅವರು ಜೇಬಿನಿಂದ ನನ್ನ ಪೊಟ್ಟಣ ತೆಗೆದು ಕ್ಯಾಮೆರಾದ ಕೆಳಗೆ ಬಿಚ್ಚಿಟ್ಟರು. ದೊಡ್ಡ ಪರದೆಯ ಮೇಲೆ ನಾಲ್ಕು ಗುಳಿಗೆ, ಕೆಳಗೆ ಕನ್ನಡ ಪೇಪರಿನ ತುಂಡು, ಅದರಲ್ಲಿ ಯಾರದೋ ಶ್ರದ್ಧಾಂಜಲಿಯ ಅರ್ಧ ಫೋಟೊ. ಅವರು ಏನೋ ಹೇಳಿದರು. ಹಾಲ್ ಎಲ್ಲ ನಕ್ಕಿತು. ಕೈ ಚಾಚಿ ನನ್ನ ಕಡೆ ತೋರಿಸಿದರು.

ಬಂತು ಅಂದುಕೊಂಡೆ. ಎದ್ದು ಕೋಟಿನ ಗುಂಡಿ ಹಾಕಿಕೊಂಡು, ನಾಲ್ಕು ದಿಕ್ಕಿಗೂ ಕೈ ಮುಗಿದು, ವೇದಿಕೆಯ ಕಡೆ ಹೊರಟೆ. ಶಾಲು ಹಾಕುವವರಿಗೆ ಅನುಕೂಲವಾಗಲಿ ಅಂತ ಕತ್ತು ಸ್ವಲ್ಪ ಬಗ್ಗಿಸಿದ್ದೆ. ಮೇಡಂ ಹಿಂದಿನಿಂದ ಕೋಟಿನ ಚುಂಗು ಹಿಡಿದು ಎಳೆದರು.

"ಕೂಡ್ರಿ ಶರಣು. ಹೊಗಳಾಕತ್ತಿಲ್ಲ."

"ಮತ್ತೇನ್ ಮಾಡಾಕತ್ತಾರ್ರಿ?"

"ರೋಗ ಏನು ಅಂತ ಕೇಳಲಿಲ್ಲ, ಹೆಸರು ಕೇಳಲಿಲ್ಲ, ನಲವತ್ತು ಸೆಕೆಂಡಿನಾಗ ನನಗ ಆಂಟಿಬಯೋಟಿಕ್ ಸಿಕ್ತು, ಅದೂ ಒಂದೇ ಒಂದು, ಅನ್ನಾಕತ್ತಾರ. ನಾವು ಇಷ್ಟು ಮಂದಿ ಇಲ್ಲಿ ಕೂಡಿದ್ದು ಇದಕ್ಕೇ ಅಂತ."

ಕೂತೆ. ಕೋಟಿನೊಳಗೆ ಮನುಷ್ಯ ಕರಗಿ ನೀರಾಗಬಹುದು ಅಂತ ಅವತ್ತು ಗೊತ್ತಾಯಿತು.

ಊಟದ ಹೊತ್ತಿಗೆ ಮೇಡಂ ಎಲ್ಲ ಬಿಡಿಸಿ ಹೇಳಿದರು. ನೆಗಡಿ, ಕೆಮ್ಮಿಗೆ ಬಹಳ ಸಲ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಬೇಡದ ಕಡೆ ಕೊಟ್ಟರೆ, ಬೇಕಾದ ಕಡೆ ಒಂದೆರಡು ಕೊಟ್ಟು ಬಿಟ್ಟರೆ, ಸಾಯದೆ ಉಳಿದ ಕ್ರಿಮಿಗಳು ಔಷಧವನ್ನೇ ಜೀರ್ಣಿಸಿಕೊಳ್ಳುವ ಪೈಲ್ವಾನರಾಗುತ್ತವೆ. ಆಮೇಲೆ ನಿಜವಾದ ರೋಗ ಬಂದಾಗ ಔಷಧ ನಾಟುವುದಿಲ್ಲ. ಹೊಸ ಔಷಧಗಳೂ ಬೇಗ ಬೇಗ ಬರುತ್ತಿಲ್ಲ.

"ಹಾಂಗಾದ್ರ ನನ್ನನ್ನ ಕರದದ್ದು?"

"ನಿಮ್ಮ ನೋಟ್‌ಬುಕ್ಕಿಗಾಗಿ. ಖರೇ ಬರದವರು ನೀವೊಬ್ಬರೇ. ರೈಲಿನಾಗ ನೀವು ನಾಚಿಕೊಂಡದ್ದು ನೋಡಿ, ನಿಮಗ ತಿಳದದ ಅನಕೊಂಡೆ ನಾ."

ಎರಡನೆಯ ದಿನ

ಎರಡನೆಯ ದಿನ ತಲೆ ಇನ್ನಷ್ಟು ಕೆಟ್ಟಿತು. ಒಬ್ಬರು ಎದ್ದು, ಚೀಟಿ ಇಲ್ಲದೆ ಒಂದು ಆಂಟಿಬಯೋಟಿಕ್ಕನ್ನೂ ಮಾರಬಾರದು, ಕಟ್ಟುನಿಟ್ಟು ಕಾನೂನು ಬೇಕು ಅಂದರು. ಸರಿ ಅನ್ನಿಸಿ ತಲೆ ಆಡಿಸಿದೆ. ಇನ್ನೊಬ್ಬರು ಎದ್ದು, ಡಾಕ್ಟರೇ ಇಲ್ಲದ ಊರಲ್ಲಿ ನ್ಯುಮೋನಿಯಾ ಆದ ಮಗು ಸಮಯಕ್ಕೆ ಆಂಟಿಬಯೋಟಿಕ್ ಸಿಗದೆ ಸಾಯುತ್ತದೆ, ಕಾನೂನು ಅದನ್ನು ಉಳಿಸುತ್ತದಾ ಅಂದರು. ಅದೂ ಸರಿ, ಅದಕ್ಕೂ ಆಡಿಸಿದೆ. ಹೆಚ್ಚಾದರೂ ಸಾವು, ಸಿಗದಿದ್ದರೂ ಸಾವು. ಸಂಜೆಯ ಹೊತ್ತಿಗೆ ಕತ್ತು ನೋಯುತ್ತಿತ್ತು. ಅಭ್ಯಾಸಬಲದಿಂದ ಒಂದು ಸೆಟ್ ಬಿಚ್ಚಿ, ಮತ್ತೆ ಮಡಚಿಟ್ಟೆ.

ಒಕೆಲ್ಲೊ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತರು. ಸಿಟ್ಟಿನ ಸುಳಿವೇ ಇಲ್ಲ. ನೀನು ಇಲ್ಲ ಅಂದರೆ ನಿನ್ನ ಗಿರಾಕಿ ಎಲ್ಲಿಗೆ ಹೋಗುತ್ತಾನೆ ಅಂತ ಕೇಳಿದರು. ಎದುರಿನ ಅಂಗಡಿಗೆ ಅಂದೆ. ಅವರು ಜೋರಾಗಿ ನಕ್ಕು, ನಮ್ಮ ಊರಲ್ಲೂ ಎದುರಿಗೆ ಒಂದು ಅಂಗಡಿ ಇದೆ ಅಂದರು. ಪರಿಹಾರ ಹೇಳುತ್ತಾರೆ ಅಂತ ಕಾದೆ. ಅವರು ಚಹಾ ಕುಡಿದು, ಎರಡು ಸಲ ಕೆಮ್ಮಿ, ಎದ್ದು ಹೋದರು. ನನ್ನ ಕೈಯನ್ನು ಬಹಳ ಕಷ್ಟಪಟ್ಟು ಹಿಡಿದುಕೊಂಡೆ.

ಅಷ್ಟರಲ್ಲಿ ಮಾವನ ಫೋನು. "ಶಾಲು ಯಾವ ಬಣ್ಣದ್ದು?"

"ಅದು ಆಮ್ಯಾಗ ಹೇಳ್ತೀನಿ ಮಾಮಾ. ಕಾಲು ಹ್ಯಾಂಗದ?"

"ಸೆಟ್ ಹತ್ತಲಿಲ್ಲ. ಪವರ್ ಜಾಸ್ತಿದು ಎರಡು ದಿನ ತಗೊಂಡೆ, ಈಗ ಮತ್ತ ಬದಲಿ ಮಾಡೀನಿ. ಬಣ್ಣ ಜರಾ ಕಪ್ಪಾಗ್ಯದ, ಆದ್ರ ನೋವು ಪೂರಾ ಹೋಗ್ಯದ. ಅಂದ ಮ್ಯಾಲ ಕಡಿಮಿ ಆಗ್ಲಾಕತ್ತದ."

ಪರದೆಯ ಮೇಲೆ ಇಡೀ ದಿನ ನೋಡಿದ್ದೆಲ್ಲ ಕಣ್ಣ ಮುಂದೆ ಬಂತು. ದವಾಖಾನೆಗೆ ಹೋಗಿ ಅಂದೆ. "ಎರಡು ದಿನ ಬ್ಯಾಂಕಾಕ್ ನೋಡಿ ನನಗೇ ಹೇಳ್ತಿಯೇನಲೇ," ಅಂದು ಫೋನ್ ಇಟ್ಟ. ನೋವಿಲ್ಲ ಅಂದರೆ ಒಳ್ಳೆಯದೋ ಕೆಟ್ಟದ್ದೋ, ಅದೂ ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ, ಸಿಂಗ್‌ಬುರಿ

ಬ್ಯಾಂಕಾಕ್ ಆಚೆ ಬಯಲು, ಬಯಲ ತುಂಬ ಭತ್ತ. ನಮ್ಮ ತೊಗರಿ ಹೊಲಗಳಿಗೆ ಯಾರೋ ನೀರು ತುಂಬಿಸಿ ಮರೆತು ಹೋದ ಹಾಗೆ. ಸಿಂಗ್‌ಬುರಿಯ ಒಂದು ಹಳ್ಳಿಯ ಔಷಧದ ಅಂಗಡಿ ತೋರಿಸಲು ಕರೆದೊಯ್ದರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಬೂಟು ಬಿಚ್ಚಿದೆ, ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದು ಎಲ್ಲರಿಗೂ ನಮಸ್ಕಾರ ಮಾಡಿತು.

ಅಂಗಡಿಯವರು ಅರವತ್ತರ ಹತ್ತಿರದ ಹೆಂಗಸು, ನೋಯ್. ಅಲ್ಲಿ ಹಿರಿಯರ ಹೆಸರಿಗೆ 'ಪಿ' ಸೇರಿಸುತ್ತಾರೆ, ನಮ್ಮ ಅಕ್ಕ ಅಂದ ಹಾಗೆ. ನಾನು ನೋಯಕ್ಕ ಅಂತಲೇ ಕರೆದೆ. ಅವರ ಮಾತನ್ನು ಒಬ್ಬ ವಿದ್ಯಾರ್ಥಿನಿ ಇಂಗ್ಲಿಷಿಗೆ, ಮೇಡಂ ಕನ್ನಡಕ್ಕೆ ತರುತ್ತಿದ್ದರು. ನಗೆಮಾತು ನನ್ನ ತನಕ ಬರುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿರುತ್ತಿದ್ದರು.

ಕೌಂಟರಿನ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ದೀಪ, ಕನ್ನಡಿ, ಪಕ್ಕದಲ್ಲಿ ಗಂಟಲಿನ ಎರಡು ಚಿತ್ರ, ಆಂಟಿಬಯೋಟಿಕ್ ಬೇಕಾದದ್ದೊಂದು, ಬೇಡವಾದದ್ದೊಂದು. ಒಬ್ಬ ರೈತ ಬಂದು ಗಂಟಲು ನೋವು, ಆಂಟಿಬಯೋಟಿಕ್ ಕೊಡಿ ಅಂದ. ನೋಯಕ್ಕ ಇಲ್ಲ ಅನ್ನಲಿಲ್ಲ. ಪೆಟ್ಟಿಗೆ ಅವನ ಕಡೆ ತಿರುಗಿಸಿದರು. ಅವನು ಬಾಯಿ ತೆರೆದು ತನ್ನ ಗಂಟಲನ್ನು ತಾನೇ ನೋಡಿಕೊಂಡ, ಚಿತ್ರ ನೋಡಿದ. ಕೀವಿನ ಬಿಳಿ ಚುಕ್ಕೆ ಇಲ್ಲ, ಬರೀ ಕೆಂಪು. ಅವನ ಮುಖ ಸಣ್ಣದಾಯಿತು, ಇಷ್ಟೇನಾ ನನ್ನ ರೋಗ ಅನ್ನುವ ಹಾಗೆ. ನೆಲಬೇವಿನ ಗುಳಿಗೆ ತೆಗೆದುಕೊಂಡು ಹೋದ. ನಾನೂ ಬಾಯಿ ತೆರೆದು ನೋಡಿಕೊಂಡೆ. ಸಾವಿರ ಗಂಟಲಿಗೆ ಗುಳಿಗೆ ಹಾಕಿದವನು, ಒಂದು ಗಂಟಲನ್ನೂ ನೋಡಿರಲಿಲ್ಲ.

ಆಮೇಲೆ ಒಬ್ಬ ಮುದುಕ ಬಂದ. ಪಾದದಲ್ಲಿ ಗಾಯ. ನೋಯಕ್ಕ ಬಗ್ಗಿ ನೋಡಿ ಎರಡೇ ಪ್ರಶ್ನೆ ಕೇಳಿದರು. ಶುಗರ್ ಇದೆಯಾ? ಇದೆ. ನೋಯುತ್ತದಾ? ಇಲ್ಲ. ಅಷ್ಟಕ್ಕೆ ಅವರು ಎದ್ದು ಹೊರಗೆ ನಿಂತು ಯಾರನ್ನೋ ಕೂಗಿದರು. ಊರಿನ ಆರೋಗ್ಯ ಸ್ವಯಂಸೇವಕ ಬೈಕ್ ತಂದ. ಮುದುಕ ಗೊಣಗಿದ, ಅವರು ಎರಡರಷ್ಟು ಬೈದರು. ಏನೂ ಮಾರದೆ ಆಸ್ಪತ್ರೆಗೆ ಸಾಗಹಾಕಿದರು.

"ನೋವಿಲ್ಲಂದ್ರೂ ಯಾಕ್ರಿ?" ಅಂತ ಮೇಡಂಗೆ ಕೇಳಿದೆ.

"ಅದಕ್ಕೇ. ಶುಗರಿನಾಗ ಕಾಲಿನ ನರ ಸತ್ತು ಹೋಗಿರ್ತಾವ. ನೋವು ಹೇಳಾಕ ಯಾರೂ ಉಳಿದಿರಂಗಿಲ್ಲ."

ಮಾವನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ನೋಯಕ್ಕನ ಕೈಗೆ ಕೊಟ್ಟೆ.

"ಯಾರೋ ಈ ಆಯಿ?" ಅಂದ ಮಾವ.

"ಇಲ್ಲಿ ಔಷಧದ ಅಂಗಡಿಯವರು ಮಾಮಾ. ನಿಮ್ಮಂಗೇ."

ಮಾವ ಕೈ ಮುಗಿದ. ನೋಯಕ್ಕನೂ ಕೈ ಮುಗಿದರು. ಶುಗರ್ ಯಾವಾಗ ನೋಡಿಸಿದ್ದು ಅಂತ ಕೇಳಿದರು.

"ಮೊನ್ನೆರಿ."

"ಯಾವ ಮೊನ್ನೆ?" ಮೇಡಂ ಬಿಡಲಿಲ್ಲ.

"ದೀಪಾವಳಿಗೆ."

ಬೆರಳನ್ನು ಒತ್ತಿ ನೋಡಲು ಹೇಳಿದರು. ಅತ್ತೆ ನೆಲದ ಮೇಲೆ ಕೂತು ಒತ್ತಿದಳು. ಮಾವ ಮುಖ ಎತ್ತಿ ಫೋನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಒತ್ತತಿ?" ಅಂದ.

"ಆಗಿಂದ ಒತ್ತಲಾಕತ್ತೀನ್ರಿ," ಅಂದಳು ಅತ್ತೆ.

ಯಾರೂ ಅನುವಾದ ಮಾಡಲಿಲ್ಲ. ನೋಯಕ್ಕನಿಗೆ ಅರ್ಥವಾಗಿತ್ತು. ಕನ್ನಡಿ ಇದೆಯಾ ಅಂದರು. ಅತ್ತೆ ಗೋಡೆಯ ಕನ್ನಡಿ ತೆಗೆದು ನೆಲಕ್ಕಿಟ್ಟಳು. ಮಾವ ಕಾಲನ್ನು ಅದರ ಮೇಲೆ ಎತ್ತಿ ಹಿಡಿದ. ಅಷ್ಟು ದಿನ ಮೇಲಿನಿಂದ ಬೆರಳನ್ನಷ್ಟೇ ನೋಡಿದ್ದ ಮನುಷ್ಯ, ಮೊದಲ ಸಲ ತನ್ನ ಅಂಗಾಲು ನೋಡಿದ. ಬೆರಳಿನ ಬುಡದಿಂದ ಕಪ್ಪು ಕೆಳಗಿಳಿದಿತ್ತು. ಮೂವತ್ತು ವರ್ಷ ಊರಿಗೆಲ್ಲ ಏನು ತಿನ್ನಬೇಕು ಅಂತ ಹೇಳಿದ ಮಾವ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ.

"ಮಾಮಾ, ಈಗ ಕಲಬುರಗಿಗೆ ಹೊಂಡ್ರಿ."

"ಹೊಂಟೆ," ಅಂದ. ಅಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಕಲಬುರಗಿ, ಸೇಡಂ ರಸ್ತೆ

ವಾಪಸ್ ಬಂದವನು ಮನೆಗೆ ಹೋಗದೆ ಸೇಡಂ ರಸ್ತೆಯ ಆಸ್ಪತ್ರೆಗೆ ಹೋದೆ. ಮಾವನ ಗಾಯದ ಕೀವು ತೆಗೆದು, ಕ್ರಿಮಿಯನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಅಂತ ಪರೀಕ್ಷೆಗೆ ಇಟ್ಟಿದ್ದರು. ಅದಕ್ಕೆ ಮೂರು ದಿನ ಬೇಕು.

"ಮೂರು ದಿನ," ಅಂದ ಮಾವ. "ನಾ ಗಿರಾಕಿನ್ನ ಮೂರು ನಿಮಿಷ ನಿಂದ್ರಿಸಿಲ್ಲ."

ರಿಪೋರ್ಟ್ ಹಿಡಿದು ಬಂದ ಡಾಕ್ಟರು ನನ್ನ ವಯಸ್ಸಿನವರು. ಇಲ್ಲಿಯ ತನಕ ಏನೇನು ತಗೊಂಡಿದ್ದೀರಿ ಅಂತ ಕೇಳಿದರು. ಮಾವ ನನ್ನನ್ನು ನೋಡಿದ. ನಾನು ಒಂದೊಂದೇ ಹೆಸರು ಹೇಳಿದೆ. ಪ್ರತಿ ಹೆಸರಿಗೂ ಡಾಕ್ಟರು ರಿಪೋರ್ಟಿನಲ್ಲಿ ಬೆರಳಿಟ್ಟು, "ಇದು ಹತ್ತಂಗಿಲ್ಲ. ಇದೂ ಹತ್ತಂಗಿಲ್ಲ," ಅನ್ನುತ್ತ ಹೋದರು. ನಾನು ನಿಲ್ಲಿಸಿದ ಮೇಲೆ ಮಾವ ಮೆಲ್ಲಗೆ ಇನ್ನೊಂದು ಹೆಸರು ಸೇರಿಸಿದ. ಅದೂ ಹತ್ತುವುದಿಲ್ಲ.

"ಒಂದು ಇಂಜೆಕ್ಷನ್ ಹತ್ತತದ," ಅಂದರು ಡಾಕ್ಟರು. "ಬೆರಳು ತೆಗೀಬೇಕಾಗ್ತದ. ಹತ್ತು ದಿನ ಪೂರಾ ಇಂಜೆಕ್ಷನ್ ತಗೊಂಡ್ರ ಪಾದ ಉಳಿತದ."

"ಡಾಕ್ಟ್ರೇ, ಖರೇ ಹೇಳ್ರಿ. ನನ್ನ ಗುಳಗಿಂದನೇ ಹಿಂಗಾತೇನು?"

"ನಿಮ್ಮೊಬ್ಬರದೇ ಅಂತ ಹೇಳಾಕ ಬರಂಗಿಲ್ರಿ ಕಾಕಾ. ನಾವು ಡಾಕ್ಟರೂ ಬೇಕಾಬಿಟ್ಟಿ ಬರದೀವಿ. ಕೋಳಿ ಫಾರಮ್ಮಿನವರೂ ಹಾಕ್ಯಾರ. ಎಲ್ಲಾರೂ ಕೂಡಿ ಮಾಡಿದ್ದು."

ಬೆರಳು ಹೋಯಿತು. ಇಂಜೆಕ್ಷನ್ ಶುರುವಾದ ಆರನೆಯ ದಿನ ಮಾವ ಎದ್ದು ಕೂತು, ಎರಡು ರೊಟ್ಟಿ ತಿಂದು, ಪಕ್ಕದ ಮಂಚದವನ ಔಷಧಗಳ ಬಗ್ಗೆ ಅ‍ಭಿಪ್ರಾಯ ಹೇಳುವಷ್ಟು ಗೆಲುವಾದ.

"ಶರಣ್ಯಾ, ಬಟ್ಟಿ ಕಟ್ಟು. ಆರಾಮ ಆಗ್ಯದ. ಉಳದ ಐದು ಇಂಜೆಕ್ಷನ್ ಎದಕ್ಕ ಸುಮ್ಮನ?"

"ಇಲ್ಲ ಮಾಮಾ."

ಅದು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಔಷಧ ಮಾರಲು ನಿಂತಾಗಿನಿಂದ ಯಾರಿಗೂ ಇಲ್ಲ ಅಂದವನಲ್ಲ, ಅದೂ ಮಾವನಿಗೆ. ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕೂತೆ.

"ಏನಂದಿ?"

"ಹತ್ತೂ ಮುಗೀಲಿ."

ಮಾವ ಗೋಡೆ ಕಡೆ ತಿರುಗಿ ಮಲಗಿದ. ನರ್ಸ್ ಬಂದು ಆರನೆಯ ಇಂಜೆಕ್ಷನ್ ಕೊಟ್ಟಾಗ ತಿರುಗಿ ನೋಡದೆ ಕೈ ಚಾಚಿದ. ಆಮೇಲೆ ಗೋಡೆಗೇ ಕೇಳಿದ ಹಾಗೆ ಕೇಳಿದ.

"ಅಂಗಡಿ?"

"ಮುಚ್ಚೇದ. ಎದುರಿನವರೂ ಊರಾಗಿಲ್ಲ, ಮದವಿಗೆ ಹೋಗ್ಯಾರ."

"ಅಲ್ಲೋ, ಇಷ್ಟು ದಿನ ಊರಾಗ ಕೆಮ್ಮೋರು ಏನ್ ಮಾಡ್ತಾರ?"

ಯೋಚಿಸಿದೆ. ಬ್ಯಾಂಕಾಕಿನಲ್ಲಿ ಅಷ್ಟು ಜನ ಎದ್ದು ನಿಂತು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ.

"ಕೆಮ್ಮತಾರ ಮಾಮಾ," ಅಂದೆ.